ಮೀರದಂತೆ, ವರೆಗೆ, ಒಳಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ಕೆಲವು ಇಂಗ್ಲಿಷ್ ಪದಗಳು ಸಲೀಸಾಗಿ ಓಡಾಡುತ್ತವೆ. ಲಿಮಿಟ್, ಬೌಂಡರಿ, ಸ್ಕೆಚ್, ರೇಂಜ್, ಸೀಲಿಂಗ್, ಬಫರ್ ಝೋನ್ ಮುಂತಾದವು ಚೇಣಿ (ತೋಟದ ಫಸಲಿನ ಗುತ್ತಿಗೆ), ಅಡಿಕೆಯ ಕೊನೆಕೊಯ್ಲಿನ ಮಾತಿನ ನಡುವೆಯೇ ಬಂದುಹೋಗುತ್ತವೆ. ಇವೆಲ್ಲ ಒಂದೇ ಬಳಗದವು ಎಂಬುದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ಒಂದು ವಸ್ತು ಎಲ್ಲಿಗೆ ಮುಗಿಯುತ್ತದೆ, ಅದು ಎಷ್ಟಿದೆ, ಒಂದು ನಿಯಮ ಯಾರಿಗೆ ಮತ್ತು ಯಾವುದಕ್ಕೆ ತಗಲುತ್ತದೆ ಎಂಬ ಮೂರು ಪ್ರಶ್ನೆಗಳ ಸುತ್ತ ಬೆಳೆದ ಪದಗಳಿವು. ಕಾಡು, ತೋಟ, ಹಿನ್ನೀರು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಸೀಮೆಯಲ್ಲಿ ಈ ಮೂರಕ್ಕಿಂತ ದೊಡ್ಡ ಪ್ರಶ್ನೆಗಳು ಹೆಚ್ಚಿಲ್ಲ.

ಇಂಗ್ಲಿಷ್ ಪಾಠ ಹೇಳುವುದು ನನ್ನ ವೃತ್ತಿಯಾಗಿದ್ದುದರಿಂದ ಊರಿನವರು ನೋಟೀಸು, ಕ್ರಯಪತ್ರ, ಗೆಜೆಟ್ಟಿನ ಪ್ರತಿಗಳನ್ನು ಹಿಡಿದು ಬಂದು ‘ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ ಮೇಷ್ಟ್ರೇ’ ಎಂದು ಕೇಳುವುದು ಬಹಳ ಕಾಲದಿಂದ ನಡೆದುಬಂದಿದೆ. ಹೀಗೆ ಬರುವ ಕಾಗದಗಳಲ್ಲಿ ಅರ್ಥ ಕೆಡುವ ಜಾಗ ಸಾಮಾನ್ಯವಾಗಿ ದೊಡ್ಡ ದೊಡ್ಡ ಪದಗಳಲ್ಲಿ ಇರುವುದಿಲ್ಲ. ‘ಅಪ್ ಟು’, ‘ವಿದಿನ್’, ‘ನಾಟ್ ಎಕ್ಸೀಡಿಂಗ್’, ‘ಆ್ಯಂಡ್ ಅಬೋವ್’ ಎಂಬ ಸಣ್ಣ ಪದಗಳಲ್ಲೇ ಅದು ಇರುತ್ತದೆ. ನಮ್ಮ ಕಚೇರಿಗಳ ಕನ್ನಡದಲ್ಲಿ ಠಾಣಾ ವ್ಯಾಪ್ತಿ, ಕಾಯ್ದೆಯ ವ್ಯಾಪ್ತಿ, ಯೋಜನೆಯ ವ್ಯಾಪ್ತಿ, ಅರಣ್ಯ ವ್ಯಾಪ್ತಿ ಎಂದು ಎಲ್ಲ ಭಾರವನ್ನೂ ‘ವ್ಯಾಪ್ತಿ’ಯೊಂದರ ಮೇಲೇ ಹೊರಿಸುತ್ತಾರೆ. ಇಂಗ್ಲಿಷಿನ ಮೂಲದಲ್ಲಿ ಮೊದಲನೆಯದು ಲಿಮಿಟ್ಸ್, ಎರಡನೆಯದು ಸ್ಕೋಪ್, ಮೂರನೆಯದು ಕವರೇಜ್, ನಾಲ್ಕನೆಯದು ಎಕ್ಸ್‌ಟೆಂಟ್ ಆಗಿರಬಹುದು. ಅಂಚು ಯಾವುದು, ಮೊತ್ತ ಯಾವುದು, ಅನ್ವಯ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಓದದೆ ಹೋದರೆ ಮಲೆನಾಡಿನ ರೈತನಿಗೆ ಆಗುವ ನಷ್ಟ ಗುಂಟೆಗಳಲ್ಲಿ ಎಣಿಸುವಂಥದ್ದು. ಅದಕ್ಕಾಗಿಯೇ ಈ ಬರಹ.

ಅಂಚು ಮತ್ತು ಮೊತ್ತದ ವ್ಯತ್ಯಾಸವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಯಾವುದೇ ಹಳೆಯ ಕ್ರಯಪತ್ರವನ್ನು ತೆಗೆದು ನೋಡಿದರೂ ಅದರಲ್ಲಿ ಎರಡು ಭಾಗಗಳಿರುತ್ತವೆ. ಒಂದು ವಿಸ್ತೀರ್ಣ: 2 ಎಕರೆ 10 ಗುಂಟೆ ಎಂಬಂತೆ. ಇನ್ನೊಂದು ಚೆಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅಗಳು, ಉತ್ತರಕ್ಕೆ ಸರ್ಕಾರಿ ಕಾನು, ದಕ್ಷಿಣಕ್ಕೆ ಇಂಥವರ ತೋಟ ಎಂದು ನಾಲ್ಕೂ ದಿಕ್ಕಿನ ಎಲ್ಲೆ. ಇವೆರಡೂ ಒಂದಕ್ಕೊಂದು ಹೊಂದದೆ ಹೋದಾಗ, ಅಂದರೆ ಪತ್ರದಲ್ಲಿ ಎರಡು ಎಕರೆ ಎಂದಿದ್ದು ಎಲ್ಲೆಗಳ ಒಳಗೆ ಅಳೆದರೆ ಎರಡೂವರೆ ಬಂದಾಗ, ಯಾವುದನ್ನು ನಂಬಬೇಕು? ಎಲ್ಲೆಗಳು ಸ್ಪಷ್ಟವಾಗಿದ್ದರೆ ವಿಸ್ತೀರ್ಣಕ್ಕಿಂತ ಚೆಕ್ಕುಬಂದಿಗೇ ಹೆಚ್ಚು ಬೆಲೆ ಎಂಬುದು ಭಾರತದ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಕೊಂಡು ಬಂದಿರುವ ತತ್ತ್ವ. ಕೊಂಡವನು ಕಣ್ಣಾರೆ ಕಂಡು ಕೊಂಡದ್ದು ಹಳ್ಳ ಮತ್ತು ಅಗಳಿನ ನಡುವಿನ ನೆಲವನ್ನು, ಗುಂಟೆಯ ಲೆಕ್ಕ ಅದರ ವರ್ಣನೆ ಮಾತ್ರ ಎಂಬುದು ಇದರ ಹಿಂದಿನ ವಿಚಾರ. ಇಂಗ್ಲಿಷ್ ಕ್ರಯಪತ್ರಗಳಲ್ಲಿ ವಿಸ್ತೀರ್ಣದ ಪಕ್ಕದಲ್ಲಿ ‘ಮೋರ್ ಆರ್ ಲೆಸ್’ ಎಂದು ಬರೆಯುತ್ತಿದ್ದುದು ಇದೇ ಕಾರಣಕ್ಕೆ. ಆ ಮಾತು ಅಂಚಿಗೆ ಅನ್ವಯಿಸುವುದಿಲ್ಲ. ಮೊತ್ತ ಹೆಚ್ಚುಕಡಿಮೆ ಆಗಬಹುದು, ಹಳ್ಳ ಹೆಚ್ಚುಕಡಿಮೆ ಆಗುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಮಳೆಗಾಲದಲ್ಲಿ ದಾರಿ ಬದಲಿಸುವ ನಮ್ಮ ಹಳ್ಳಗಳನ್ನು ಕಂಡವರಿಗೆ ಈ ನಂಬಿಕೆ ಎಷ್ಟು ದೂರ ನಡೆಯುತ್ತದೆ ಎಂಬ ಸಂದೇಹ ಬರುವುದು ಸಹಜ. ಹದ್ದುಬಸ್ತಿಗೆ, ಅಂದರೆ ಎಲ್ಲೆ ಗುರುತಿಸಿಕೊಡುವಂತೆ, ಅರ್ಜಿ ಹಾಕಿ ಬಾಂದುಕಲ್ಲು ಹುಡುಕಿಸುವ ಕೆಲಸ ಇಲ್ಲಿ ಇಷ್ಟೊಂದು ನಡೆಯುವುದಕ್ಕೆ ಅದೂ ಒಂದು ಕಾರಣ.

ಗುಡ್ಡದ ಇಳಿಜಾರಿನಲ್ಲಿ ವಿಸ್ತೀರ್ಣದ ಅರ್ಥವೇ ಬೇರೆ ಎಂಬುದನ್ನೂ ಹೇಳಬೇಕು. ಸರ್ವೆಯವರು ಅಳೆಯುವುದು ನೆಲದ ಮೈಯನ್ನಲ್ಲ, ಸಮತಟ್ಟಾಗಿ ಹಿಡಿದ ಸರಪಳಿಯ ಉದ್ದವನ್ನು. 30 ಡಿಗ್ರಿ ಇಳಿಜಾರಿರುವ ಗುಡ್ಡದಲ್ಲಿ ಪಹಣಿಯ ಒಂದು ಎಕರೆಗೆ ನಿಜವಾಗಿ ಕಾಲಿಟ್ಟು ನಡೆಯುವ ನೆಲ ಸುಮಾರು ಶೇಕಡಾ 15ರಷ್ಟು ಹೆಚ್ಚಿರುತ್ತದೆ. ಕಳೆ ತೆಗೆಯುವವರು, ಸೊಪ್ಪು ಹೊರುವವರು ಆ ಹೆಚ್ಚಿನ ನೆಲದಲ್ಲಿ ದುಡಿಯುತ್ತಾರೆ. ಮರಗಳು ಮಾತ್ರ ಆಕಾಶಕ್ಕೆ ನೆಟ್ಟಗೆ ಬೆಳೆಯುವುದರಿಂದ ಸಮತಟ್ಟಿನ ಎಕರೆಯ ಲೆಕ್ಕವನ್ನೇ ಪಾಲಿಸುತ್ತವೆ.

ಎಕರೆ ಎಂಬುದು ಇಂದು ನಮಗೆ ಗಟ್ಟಿಯಾದ ಅಂಕಿ: 43,560 ಚದರ ಅಡಿ. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಹೊತ್ತಿಗೆ ಬಳಕೆಗೆ ತಂದ 66 ಅಡಿಯ ಸರಪಳಿಯಿಂದ ಲೆಕ್ಕ ಹಾಕಿದರೆ ಹತ್ತು ಚದರ ಸರಪಳಿಗೆ ಸರಿಯಾಗಿ ಒಂದು ಎಕರೆ ಬರುತ್ತದೆ. ನಮ್ಮ ಸರ್ವೆಯಲ್ಲಿ ಬಳಸಿದ್ದು ಅದರ ಅರ್ಧ, 33 ಅಡಿಯ ಸರಪಳಿ. 33 ಅಡಿ ಉದ್ದ, 33 ಅಡಿ ಅಗಲದ ತುಂಡು ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ, ಗುಂಟೆಯನ್ನು ಹದಿನಾರು ಮಾಡಿದರೆ ಆಣೆ. ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಹೇಳುವ ನಮ್ಮ ಬೆಳೆಗಾರರಿಗೆ ಸೆಂಟು ಎಂದರೆ ನೆಲದಲ್ಲಿ ಎಕರೆಯ ನೂರನೇ ಒಂದು ಪಾಲು, ಮಳೆಯಲ್ಲಿ ಇಂಚಿನ ನೂರನೇ ಒಂದು ಪಾಲು. ಹಾಗೆಂದು ಯಾರೂ ಗೊಂದಲಕ್ಕೆ ಬೀಳುವುದಿಲ್ಲ, ಏಕೆಂದರೆ ಅವರು ತಾವೇ ಅಳೆಯುತ್ತಾರೆ.

ಇಂಗ್ಲೆಂಡಿನಲ್ಲಿಯೂ ಎಕರೆ ಹುಟ್ಟಿದ್ದು ಅಂಕಿಯಾಗಿ ಅಲ್ಲ. ಒಂದು ಜೊತೆ ಎತ್ತುಗಳ ನೇಗಿಲು ಒಂದು ದಿನದಲ್ಲಿ ಉಳಬಲ್ಲ ನೆಲ ಎಂಬುದು ಅದರ ಹಳೆಯ ಅರ್ಥ. ಮಲೆನಾಡಿನಲ್ಲಿ ಗದ್ದೆಯನ್ನು ಬಿತ್ತುವ ಬೀಜದಿಂದ ಅಳೆಯುತ್ತಿದ್ದರು. ಖಂಡುಗದ ಗದ್ದೆ ಎಂದರೆ ಖಂಡುಗ ಭತ್ತ ಬಿತ್ತುವಷ್ಟು ನೆಲ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹದಿನೇಳನೆಯ ಶತಮಾನದ ನಡುವಿನಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕನ ಕಂದಾಯ ಪದ್ಧತಿಯನ್ನು ಇಂದಿಗೂ ‘ಶಿವಪ್ಪ ನಾಯಕನ ಶಿಸ್ತು’ ಎಂದೇ ಕರೆಯುತ್ತಾರೆ. ನೆಲವನ್ನು ಗುಣಕ್ಕೆ ತಕ್ಕಂತೆ ವರ್ಗ ಮಾಡಿ, ಬಿತ್ತಿದ ಬೀಜಕ್ಕೆ ಬಂದ ಬೆಳೆ ಎಷ್ಟು ಎಂಬ ಲೆಕ್ಕವನ್ನು ಹಲವು ವರ್ಷ ಇಟ್ಟು, ಅದರ ಸರಾಸರಿಯ ಮೇಲೆ ಕಂದಾಯ ಗೊತ್ತು ಮಾಡಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಈ ಕ್ರಮದಲ್ಲಿ ಒಂದು ನ್ಯಾಯವಿದೆ. ಒಳ್ಳೆಯ ಬಯಲು ಗದ್ದೆಯ ಒಂದು ಎಕರೆಯನ್ನೂ ಕಾನಿನ ಅಂಚಿನ ಬೋಳು ನೆಲದ ಒಂದು ಎಕರೆಯನ್ನೂ ಸಮವೆಂದು ಹೇಳುವ ಅಳತೆ ಚದರ ಅಡಿಯದು. ಹಾಗೆ ಹೇಳಲು ಒಪ್ಪದ ಅಳತೆ ಬೀಜದ್ದು.

ಆದರೆ ಬೀಜದ ಅಳತೆಯ ದೌರ್ಬಲ್ಯ ಅಳೆಯುವ ಪಾತ್ರೆಯಲ್ಲಿದೆ. ಕೊಳಗ ಯಾರ ಕೈಯಲ್ಲಿದೆಯೋ ಅಳತೆಯೂ ಅವರ ಕೈಯಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹಕ್ಕೆ ಇಳಿದಾಗ ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರು ಹಿಡಿಯಬೇಕು ಎಂಬುದಾಗಿತ್ತು. ಕಾಗದದಲ್ಲಿ ಇಷ್ಟು ಕೊಳಗ ಎಂದು ಬರೆದ ಸಂಖ್ಯೆ ಬದಲಾಗದೆಯೇ ಗೇಣಿ ಹೆಚ್ಚಿಸಲು ಸಾಧ್ಯವಿತ್ತು, ಏಕೆಂದರೆ ಕೊಳಗವೇ ದೊಡ್ಡದಾಗಬಹುದಿತ್ತು. ರಾಮಮನೋಹರ ಲೋಹಿಯಾ ಆ ಹೋರಾಟಕ್ಕೆ ಬೆಂಬಲವಾಗಿ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಅಳತೆಯ ಸಾಧನ ಊರಿನ ಯಾವೊಬ್ಬನದೂ ಆಗದೆ ಎಲ್ಲರಿಗೂ ಒಂದೇ ಆಗಿರಬೇಕೆಂಬ ಹಟಕ್ಕೆ ನಮ್ಮ ನೆಲದಲ್ಲೇ ಇಂಥ ಬೇರುಗಳಿರುವುದರಿಂದ, ಸರಪಳಿ ಮತ್ತು ಗುಂಟೆಯನ್ನು ಹೊರಗಿನ ಹೇರಿಕೆ ಎಂದಷ್ಟೇ ನೋಡಲು ನನಗೆ ಮನಸ್ಸು ಬರುವುದಿಲ್ಲ. ಗೇಣಿದಾರನ ಪಾಲಿಗೆ ನಿಶ್ಚಿತ ಅಳತೆ ಒಂದು ರಕ್ಷಣೆಯೇ ಆಗಿತ್ತು.

ಭೂಸುಧಾರಣೆಯ ಕಾನೂನು ಬಂದಾಗ ‘ಸೀಲಿಂಗ್’ ಎಂಬ ಪದ ಮಲೆನಾಡಿನ ಮನೆಮನೆಗೆ ತಲುಪಿತು. 1961ರ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಐದು ಜನರವರೆಗಿನ ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿ 10 ಯುನಿಟ್ ಆಯಿತು. ಮೊದಲ ದರ್ಜೆಯ ನೀರಾವರಿ ಜಮೀನಾದರೆ ಅದು 10 ಎಕರೆ, ಕೊನೆಯ ದರ್ಜೆಯ ಖುಷ್ಕಿಯಾದರೆ 54 ಎಕರೆ. ನೆಲದ ಗುಣವನ್ನು ಅಳತೆಯೊಳಗೆ ಮತ್ತೆ ಸೇರಿಸಿದ ಈ ಯುನಿಟ್ಟಿನ ಲೆಕ್ಕವನ್ನು ನೋಡುವಾಗಲೆಲ್ಲ ನನಗೆ ಶಿವಪ್ಪ ನಾಯಕನ ವರ್ಗೀಕರಣ ನೆನಪಾಗುತ್ತದೆ.

ಈಗ ಅತಿ ಹೆಚ್ಚು ಗೊಂದಲವಿರುವ ಜಾಗಕ್ಕೆ ಬರುತ್ತೇನೆ. ಮೇಲಿನ ಮಿತಿಯನ್ನು ಹೇಳುವ ಇಂಗ್ಲಿಷ್ ವಾಕ್ಯಗಳನ್ನು ನಮ್ಮವರು ಕೊಡುಗೆಯ ವಾಕ್ಯಗಳಾಗಿ ಓದುತ್ತಾರೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಮಾತು ನಮ್ಮ ಕಡೆ ಗಾದೆಯಷ್ಟು ಹಳೆಯದಾಗಿಬಿಟ್ಟಿದೆ. ಆದರೆ ಅದು ‘ಒಂಬತ್ತು ಎಕರೆಯವರೆಗೆ’. ಮೇಲಾಗಿ, ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಸಾಗುವಳಿ ಜಮೀನಿಗೆ ಹೊಂದಿಕೊಂಡ ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟಗಳೆಂಬ ನೆಲಗಳ ಬಗ್ಗೆ ಹೇಳುವಾಗ ‘ಪ್ರಿವಿಲೇಜ್’ ಎಂಬ ಪದ ಬಳಸುತ್ತದೆ. ತೋಟದ ಮೇಲಿರುವುದು ಒಡೆತನ, ಬೆಟ್ಟದ ಮೇಲಿರುವುದು ಸೊಪ್ಪು, ದರಗು (ಒಣಗಿದ ಎಲೆ) ತರುವ ಸವಲತ್ತು. ಅಳತೆಯ ಮಿತಿ ಒಂದು ಕಡೆ, ಬಳಕೆಯ ಮಿತಿ ಇನ್ನೊಂದು ಕಡೆ. ಒಂಬತ್ತು ಎಂಬ ಸಂಖ್ಯೆ ಮಾತ್ರ ನೆನಪಿನಲ್ಲಿ ಉಳಿದು, ಅದರ ಹಿಂದಿನ ‘ವರೆಗೆ’ಯೂ ಮುಂದಿನ ‘ಸವಲತ್ತೂ’ ಮರೆತುಹೋಗಿವೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ಅದರ 4ನೇ ಕಲಮಿನ 6ನೇ ಉಪಕಲಮು ಸಾಗುವಳಿ ಭೂಮಿಯ ಹಕ್ಕನ್ನು ‘ವಾಸ್ತವವಾಗಿ ಸ್ವಾಧೀನದಲ್ಲಿರುವ ಪ್ರದೇಶಕ್ಕೆ ಸೀಮಿತ’ಗೊಳಿಸುತ್ತದೆ. ಅದರ ಜೊತೆಯಲ್ಲೇ ಅದು ಯಾವ ಸಂದರ್ಭದಲ್ಲೂ ನಾಲ್ಕು ಹೆಕ್ಟೇರನ್ನು ಮೀರಬಾರದು ಎನ್ನುತ್ತದೆ. ನಾಲ್ಕು ಹೆಕ್ಟೇರ್ ಎಂದರೆ 9 ಎಕರೆ 35 ಗುಂಟೆ. ಇಲ್ಲಿ ಎರಡು ಮಿತಿಗಳು ಒಂದರ ಮೇಲೊಂದು ಕೂತಿವೆ. ಒಂದೂವರೆ ಎಕರೆ ಸಾಗುವಳಿ ಮಾಡುತ್ತಿರುವವನಿಗೆ ಮೊದಲನೆಯದೇ ಸಾಕು, ಎರಡನೆಯದು ಅವನನ್ನು ಮುಟ್ಟುವುದಿಲ್ಲ. ಹನ್ನೆರಡು ಎಕರೆ ಮಾಡುತ್ತಿರುವವನನ್ನು ಎರಡನೆಯದು ತಡೆಯುತ್ತದೆ. ಆದರೂ ‘ಪ್ರತಿ ಕುಟುಂಬಕ್ಕೆ ನಾಲ್ಕು ಹೆಕ್ಟೇರ್ ಸಿಗುತ್ತದಂತೆ’ ಎಂಬ ಮಾತನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ, ಅದನ್ನು ನಂಬಿ ಅರ್ಜಿಯಲ್ಲಿ ಅಷ್ಟನ್ನೇ ಬರೆದವರನ್ನೂ ಕಂಡಿದ್ದೇನೆ. ಹಾಗೆ ಬರೆದ ಅರ್ಜಿಯಲ್ಲಿ ನಿಜವಾದ ಒಂದೂವರೆ ಎಕರೆಯ ಹಕ್ಕೂ ಸಂಶಯಕ್ಕೆ ಈಡಾಗುತ್ತದೆ ಎಂಬುದೇ ನನ್ನ ಸಂಕಟ.

ಅದೇ ಕಾಯ್ದೆ ಜಾಗಕ್ಕೆ ಮೇಲಿನ ಮಿತಿ ಹಾಕಿದಂತೆ ಕಾಲಕ್ಕೆ ಕೆಳಗಿನ ಮಿತಿ ಹಾಕುತ್ತದೆ. ಪರಿಶಿಷ್ಟ ಪಂಗಡಗಳಿಗೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು 13 ಡಿಸೆಂಬರ್ 2005ಕ್ಕೆ ಹಿಂದೆ ಕನಿಷ್ಠ ಮೂರು ತಲೆಮಾರು ಕಾಡಿನಲ್ಲಿ ವಾಸವಿದ್ದು ಅದನ್ನೇ ಅವಲಂಬಿಸಿರಬೇಕು, ಒಂದು ತಲೆಮಾರು ಎಂದರೆ 25 ವರ್ಷ. ಹಾಗಾಗಿ ಲೆಕ್ಕ 1930ಕ್ಕೆ ಹೋಗುತ್ತದೆ. ಶರಾವತಿಯ ಮುಳುಗಡೆಯವರ ಬದುಕನ್ನು ಬಲ್ಲವರಿಗೆ ಈ ‘ಕನಿಷ್ಠ’ ಎಂಬ ಪದದ ಭಾರ ತಕ್ಷಣ ತಿಳಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದಕ್ಕಾಗಿ ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಬೇರೆ ಕಡೆಯ ಕಾಡಿನ ಅಂಚಿಗೆ ಬಂದು ನೆಲೆಸಿದವರ ಹೊಸ ಜಾಗದ ವರ್ಷಗಳನ್ನಷ್ಟೇ ಎಣಿಸಿದರೆ 2005ಕ್ಕೆ ನಲವತ್ತು ಚಿಲ್ಲರೆ ಆಗುತ್ತದೆ, ಎಪ್ಪತ್ತೈದು ಆಗುವುದಿಲ್ಲ. ಎಪ್ಪತ್ತೈದು ಆಗಬೇಕಿದ್ದ ಉಳಿದ ವರ್ಷಗಳು ನೀರಿನ ಕೆಳಗಿವೆ. ನಾಡಿಗೆ ಬೆಳಕು ಕೊಡಲು ಎದ್ದು ಬಂದವರ ಮುಂದೆ ಇಂಥ ಅಂಕಿಯನ್ನು ಇಡುವಾಗ, ಅದನ್ನು ಇಟ್ಟವರು ಮಲೆನಾಡಿನ ಕಥೆಯನ್ನು ಕೇಳಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

ಆ ಅಣೆಕಟ್ಟಿನ ಇನ್ನೊಂದು ಅಂಕಿ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪತ್ರಿಕೆಗಳು ಲಿಂಗನಮಕ್ಕಿಯ ಇಂದಿನ ಮಟ್ಟದ ಪಕ್ಕದಲ್ಲಿ ‘ಗರಿಷ್ಠ 1819 ಅಡಿ’ ಎಂದು ಪ್ರಕಟಿಸುತ್ತವೆ. ಇದು ನದಿಯ ಆಳ ಅಲ್ಲ, ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ಆ ಎತ್ತರದ ಒಂದು ಕಾಣದ ಗೆರೆ ಗುಡ್ಡಗಳ ಮೈಮೇಲೆಲ್ಲ ಸುತ್ತಿ ಹೋಗಿ, ಯಾವ ಅಂಗಳ ಉಳಿಯುತ್ತದೆ, ಯಾವುದು ಮುಳುಗುತ್ತದೆ ಎಂಬುದನ್ನು ತೀರ್ಮಾನಿಸಿತು. ಎಂಜಿನಿಯರುಗಳ ಇಂಗ್ಲಿಷಿನಲ್ಲಿ ಜಲಾಶಯ ತುಂಬಿದ ಮಟ್ಟ ಬೇರೆ, ಪ್ರವಾಹದ ಹೊತ್ತಿಗೆ ನೀರು ಏರಬಹುದಾದ ಗರಿಷ್ಠ ಮಟ್ಟ ಬೇರೆ. ಮೊದಲನೆಯದನ್ನು ‘ಫುಲ್ ರಿಸರ್ವಾಯರ್ ಲೆವೆಲ್’ ಎಂದೂ ಎರಡನೆಯದನ್ನು ‘ಮ್ಯಾಕ್ಸಿಮಮ್ ವಾಟರ್ ಲೆವೆಲ್’ ಎಂದೂ ಕರೆಯುತ್ತಾರೆ. ನಾವು ಮೊದಲನೆಯದಕ್ಕೇ ಗರಿಷ್ಠ ಎಂದು ಕರೆದು ಎರಡನೆಯದಕ್ಕೆ ಹೆಸರನ್ನೇ ಉಳಿಸಿಕೊಂಡಿಲ್ಲ. ಯಾವುದೇ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಗದ್ದೆ ಇರುವವನಿಗೆ ಈ ಎರಡರ ನಡುವಿನ ಅಂತರವೇ ಮುಖ್ಯವಾದ ವಿಷಯ. ‘ತುಂಬು ಮಟ್ಟ’ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ!

‘ರೇಂಜ್’ ಪದ ಇಷ್ಟು ಅಪಾಯದ್ದಲ್ಲ. ಅರಣ್ಯ ಇಲಾಖೆಯ ವಲಯಕ್ಕೂ ಅದೇ ಹೆಸರು, ಮೊಬೈಲಿಗೂ ಅದೇ, ಅಂಗಡಿಯ ಬೆಲೆಗೂ ಅದೇ. ‘ರೇಂಜ್ ಇಲ್ಲ’ ಎಂದು ಒಬ್ಬರು ಹೇಳಿದರೆ ಫೋನಿನ ಮಾತೆಂದು ಯಾರಿಗಾದರೂ ತಿಳಿಯುತ್ತದೆ. ಇಂಥ ಪದಗಳನ್ನು ಸಂದರ್ಭವೇ ಕಾಯುತ್ತದೆ.

‘ಸ್ಕೇಲ್’ನ ವಿಷಯ ಹಾಗಲ್ಲ. ಇದು ಗಾತ್ರದ ಪದಗಳಲ್ಲೆಲ್ಲ ಹೆಚ್ಚು ದಾರಿ ತಪ್ಪಿಸುವಂಥದ್ದು, ಏಕೆಂದರೆ ಇದಕ್ಕೆ ಒಂದಕ್ಕೊಂದು ಎದುರಾದ ಎರಡು ಬಳಕೆಗಳಿವೆ. ‘ಲಾರ್ಜ್ ಸ್ಕೇಲ್’ ಗಣಿಗಾರಿಕೆ ಎಂದರೆ ಬೃಹತ್ ಪ್ರಮಾಣದ ಗಣಿಗಾರಿಕೆ. ಆದರೆ ‘ಲಾರ್ಜ್ ಸ್ಕೇಲ್’ ನಕ್ಷೆ ಎಂದರೆ ಚಿಕ್ಕ ಪ್ರದೇಶವನ್ನು ದೊಡ್ಡದಾಗಿ, ವಿವರವಾಗಿ ತೋರಿಸುವ ನಕ್ಷೆ. ಇಡೀ ಪಶ್ಚಿಮ ಘಟ್ಟವನ್ನು ಒಂದೇ ಹಾಳೆಯಲ್ಲಿ ತೋರಿಸುವುದು ‘ಸ್ಮಾಲ್ ಸ್ಕೇಲ್’ ನಕ್ಷೆ. ನಮ್ಮ ಗ್ರಾಮನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ ಎಂಟು ಇಂಚಿನ, ಅಂದರೆ 1:7,920ರ ಸ್ಕೇಲಿನವು. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಒಂದು ಶಾಯಿಯ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ. ಸರ್ವೆ ಆಫ್ ಇಂಡಿಯಾದ 1:50,000ರ ಹಾಳೆಯಲ್ಲಿ ಅದೇ ಗೆರೆ 25 ಮೀಟರ್, 1:2,50,000ರಲ್ಲಿ 125 ಮೀಟರ್. ಅಡಿಕೆಯನ್ನು 2.7 ಮೀಟರಿಗೆ ಒಂದರಂತೆ, ಅಂದರೆ ಒಂಬತ್ತು ಅಡಿಗೆ ಒಂದರಂತೆ, ನೆಟ್ಟ ತೋಟದಲ್ಲಿ 25 ಮೀಟರ್ ಎಂದರೆ ಒಂಬತ್ತು ಸಾಲು ಮರ. ಹೀಗಿರುವಾಗ ಅಭಯಾರಣ್ಯದ ಅಥವಾ ಮೀಸಲು ಅರಣ್ಯದ ಗೆರೆಯನ್ನು ಸಣ್ಣ ಸ್ಕೇಲಿನ ನಕ್ಷೆಯ ಮೇಲೆ ಎಳೆದು, ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ‘ನಿಮ್ಮ ತೋಟ ಒಳಗೆ ಬಂದಿದೆ’ ಎಂದು ಹೇಳುವುದರಲ್ಲಿ ಅರ್ಥವೇ ಇಲ್ಲ. ಚಿತ್ರ ಹಿಗ್ಗುತ್ತದೆ, ಗೆರೆಯ ನಿಖರತೆ ಹಿಗ್ಗುವುದಿಲ್ಲ. ಯಾರಾದರೂ ನಕ್ಷೆ ತೋರಿಸಿದರೆ ಮೊದಲು ಅದರ ಮೂಲ ಸ್ಕೇಲ್ ಎಷ್ಟು ಎಂದು ಕೇಳಬೇಕೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದೇನೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಚರ್ಚೆಯಲ್ಲಿ ಮೇಲಿನ ಮೂರೂ ಪ್ರಶ್ನೆಗಳು ಒಟ್ಟಿಗೆ ಬಂದವು. ಕಸ್ತೂರಿರಂಗನ್ ಅಧ್ಯಕ್ಷತೆಯ ಕಾರ್ಯತಂಡ 2013ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2014ರಿಂದ ಮತ್ತೆ ಮತ್ತೆ ಹೊರಡಿಸುತ್ತಾ ಬಂದು, ಆರನೆಯದನ್ನು 31 ಜುಲೈ 2024ರಂದು ಪ್ರಕಟಿಸಿತು. ಆರು ರಾಜ್ಯಗಳಲ್ಲಿ ಒಟ್ಟು 56,825.7 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 20,668. ರಾಜ್ಯ ಸರ್ಕಾರ ಇದನ್ನು ಒಪ್ಪಲಿಲ್ಲ. ಮಲೆನಾಡಿನಲ್ಲಿ ಸಭೆಗಳು, ಪ್ರತಿಭಟನೆಗಳು ನಡೆದವು.

ಆ ವರದಿಯಲ್ಲಿ ನೆಲದ ಲೆಕ್ಕ ಹಾಕಿದ ರೀತಿ ಗಮನಿಸತಕ್ಕದ್ದು. ಉಪಗ್ರಹ ಚಿತ್ರದಲ್ಲಿ ಒಂದು ಗ್ರಾಮದ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಲಾಯಿತು. ಇಲ್ಲಿ 20 ಎಂಬುದು ಲಿಮಿಟ್ ಅಲ್ಲ, ಇಂಗ್ಲಿಷಿನಲ್ಲಿ ಅದನ್ನು ‘ಥ್ರೆಶೋಲ್ಡ್’ ಎನ್ನುತ್ತಾರೆ. ಲಿಮಿಟ್ ಇಲ್ಲಿಗೆ ನಿಲ್ಲು ಎನ್ನುತ್ತದೆ, ಥ್ರೆಶೋಲ್ಡ್ ಹೊಸ್ತಿಲಿನಂತೆ ಇಲ್ಲಿಂದ ಒಳಗೆ ಎನ್ನುತ್ತದೆ. ಹೊಸ್ತಿಲು ದಾಟಿದ ಮೇಲೆ ಶೇಕಡಾ 21 ಇರುವ ಗ್ರಾಮಕ್ಕೂ 90 ಇರುವ ಗ್ರಾಮಕ್ಕೂ ವ್ಯತ್ಯಾಸವಿಲ್ಲ, ಆದರೆ 19 ಇರುವ ಪಕ್ಕದ ಗ್ರಾಮ ಪೂರ್ತಿ ಹೊರಗೆ. ತೋಟದ ಹಸಿರನ್ನೂ ಕಾಡಿನ ಹಸಿರನ್ನೂ ಉಪಗ್ರಹ ಸರಿಯಾಗಿ ಬೇರ್ಪಡಿಸಲಿಲ್ಲ ಎಂಬ ನಮ್ಮವರ ಆಕ್ಷೇಪಕ್ಕೆ ಇಷ್ಟು ಬಲ ಬರುವುದು ಇದೇ ಕಾರಣದಿಂದ. ಹೊಸ್ತಿಲಿನ ಹತ್ತಿರವಿರುವ ಗ್ರಾಮದಲ್ಲಿ ಕೆಲವೇ ತೋಟಗಳು ಕಾಡಾಗಿ ಎಣಿಕೆಯಾದರೂ ಊರಿಗೆ ಊರೇ ಒಳಗೆ ಬಂದುಬಿಡುತ್ತದೆ. ಆಕ್ಷೇಪಣೆ ಬರೆಯುವವರು ಒಟ್ಟು ಯೋಜನೆಯನ್ನು ಬೈಯುವ ಬದಲು ತಮ್ಮ ಗ್ರಾಮದ ಶೇಕಡಾ ಎಷ್ಟು ಎಂದು ಕೇಳಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಕೋಪ್, ಅಂದರೆ ಯಾವುದಕ್ಕೆ ಅನ್ವಯ. ‘ಈ ಕೋರ್ಸಿಗೆ ಸ್ಕೋಪ್ ಇದೆಯಾ ಸಾರ್’ ಎಂದು ಮಕ್ಕಳು ಕೇಳುವ ಅರ್ಥ ಬೇರೆ, ಅದು ಅವಕಾಶದ ಮಾತು. ಕಾನೂನಿನಲ್ಲಿ ಸ್ಕೋಪ್ ಎಂದರೆ ಯಾವ ಕೆಲಸ, ಯಾವ ವಸ್ತು, ಯಾವ ಜನ ಇದರ ಕೆಳಗೆ ಬರುತ್ತಾರೆ ಎಂಬುದು. ಕರಡಿನಲ್ಲಿ ಗಣಿ, ಕಲ್ಲುಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ, ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವ, ಹೊಸ ಕೈಗಾರಿಕೆಗಳ ನಿಷೇಧ ಇತ್ತು. ಕಟ್ಟಡಗಳ ವಿಷಯಕ್ಕೆ ಬಂದರೆ ನಿಷೇಧ ಇದ್ದದ್ದು 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನಿರ್ಮಾಣಗಳಿಗೆ. ಅದು ಸುಮಾರು 2,15,000 ಚದರ ಅಡಿ. ತೀರ್ಥಹಳ್ಳಿಯ ಕಡೆಯ ಯಾವ ಮನೆಯ ಮಾಡು ಹೊದಿಸುವ ಕೆಲಸವೂ, ಯಾವ ಕೊಟ್ಟಿಗೆಯೂ, ಅಡಿಕೆ ಬೇಯಿಸುವ ಯಾವ ಒಲೆಮನೆಯೂ ಆ ಅಳತೆಯ ಹತ್ತಿರಕ್ಕೆ ಬರುವುದಿಲ್ಲ. ಆದರೂ ‘ಇನ್ನು ಮನೆಗೆ ಒಂದು ಹೆಂಚು ಬದಲಿಸುವ ಹಾಗಿಲ್ಲ’ ಎಂಬ ಭಯ ಊರೂರಿನಲ್ಲಿ ಹಬ್ಬಿತು. ಹೀಗೆ ಹೇಳಿದ್ದಕ್ಕೆ ನನ್ನನ್ನು ಕರಡಿನ ಪರವೆಂದು ತಿಳಿದವರಿದ್ದಾರೆ. ಕಲ್ಲುಕ್ವಾರಿಯ ವಿಷಯದಲ್ಲಿ, ಕಾಡಂಚಿನ ಹಕ್ಕುಪತ್ರದ ವಿಷಯದಲ್ಲಿ, ಮುಂದೆ ಒಂದು ನಿಯಮ ಹತ್ತಾಗಬಹುದೆಂಬ ಅನುಭವದ ವಿಷಯದಲ್ಲಿ ಜನರ ಆತಂಕಕ್ಕೆ ಆಧಾರವಿದೆ, ಅದನ್ನು ನಾನು ಗೌರವಿಸುತ್ತೇನೆ. ಇಲ್ಲದ ನಿಷೇಧದ ವಿರುದ್ಧ ವಾದಿಸಿದರೆ ಇರುವ ನಿಷೇಧದ ವಿರುದ್ಧದ ವಾದವೂ ಸೋಲುತ್ತದೆ ಎಂಬುದಷ್ಟೇ ನಾನು ಹೇಳಬೇಕೆಂದಿರುವುದು. ಪರವಾಗಿ ಮಾತಾಡುವವರಿಗೂ ಇದೇ ಮಾತು. ಹಳ್ಳಿಯವರ ಆತಂಕವನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವವರಲ್ಲಿ ಎಷ್ಟೋ ಜನ ಆ ಶೇಕಡಾ 20ರ ಮಾತನ್ನು ಓದಿರುವುದಿಲ್ಲ.

ಕೊನೆಯದಾಗಿ ಕಾಲದ ಲೆಕ್ಕ. ಇಂಥ ಕರಡುಗಳಿಗೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. ಆ ಅರವತ್ತು ದಿನಗಳು ಮಂತ್ರಾಲಯ ಕರಡಿಗೆ ಸಹಿ ಹಾಕಿದ ದಿನದಿಂದ ಆರಂಭವಾಗುವುದಿಲ್ಲ, ಅದು ಅಚ್ಚಾದ ಗೆಜೆಟ್ಟಿನ ಪ್ರತಿಗಳು ಸಾರ್ವಜನಿಕರಿಗೆ ದೊರೆಯುವಂತಾದ ದಿನಾಂಕದಿಂದ ಎಂದು ಕರಡಿನಲ್ಲೇ ಬರೆದಿರುತ್ತದೆ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಕಲಮಿನ ಪ್ರಕಾರ ‘ಫ್ರಮ್’ ಎಂದು ಹೇಳಿದ ದಿನ ಎಣಿಕೆಗೆ ಸೇರುವುದಿಲ್ಲ, ‘ಟು’ ಎಂದು ಹೇಳಿದ ದಿನ ಸೇರುತ್ತದೆ. ಆದ್ದರಿಂದ ಎಣಿಕೆ ಮರುದಿನದಿಂದ ಶುರು. ಮಳೆಗಾಲದಲ್ಲಿ ಅಂಚೆ ತಡವಾಗುವ, ಕರೆಂಟು ದಿನಗಟ್ಟಲೆ ಇಲ್ಲದಿರುವ ನಮ್ಮ ಊರುಗಳಲ್ಲಿ ಆ ಒಂದು ದಿನಕ್ಕೂ ಬೆಲೆಯಿದೆ. ಮುಂದೆ ಯಾವ ಕರಡು ಬಂದರೂ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಕನ್ನಡದ ಸಾರಾಂಶದಲ್ಲಿ ಈ ಕೊನೆಯ ದಿನಾಂಕವನ್ನು ತಾರೀಕಿನ ರೂಪದಲ್ಲೇ ಬರೆಯಬೇಕು, ಜೊತೆಗೆ ನಕ್ಷೆಯ ಸ್ಕೇಲನ್ನೂ ಆ ಗ್ರಾಮದ ಶೇಕಡಾವಾರನ್ನೂ ಕೊಡಬೇಕು ಎಂದು ನಮ್ಮ ಪಂಚಾಯಿತಿಗೆ ಒಂದು ಮನವಿ ಬರೆದಿದ್ದೇನೆ. ಅದರ ಪ್ರತಿ ಬೇಕಾದವರು ತಮ್ಮ ಊರಿನ ಹೆಸರು ಹಾಕಿ ಹಾಗೆಯೇ ಬಳಸಿಕೊಳ್ಳಬಹುದು.